33ಕ್ಕೆ 33 ಬಂದಮೇಲೆ ಸುಸ್ತು ಇನ್ನೂ ಹೆಚ್ಚಾದರೆ ಫಾರಂನಲ್ಲಿ ಎಲ್ಲಿ ಬರೆಯೋದು?

ಕಿಟಕಿಪಕ್ಕ_ಮೈಸೂರು

ಎಲ್ಲರಿಗೂ ನಮಸ್ಕಾರ. ಇದನ್ನು ಒಂದೇ ಸಲ ಬರೆದಿಲ್ಲ. ನಾಲ್ಕು ದಿನ ಮಲಗಿಕೊಂಡೇ ಫೋನಿನಲ್ಲಿ ಸ್ವಲ್ಪ ಸ್ವಲ್ಪ ಟೈಪ್ ಮಾಡಿ ಸೇರಿಸಿದ್ದು.

ನನಗೆ ಕ್ರಾನಿಕ್ ಫಟೀಗ್ ಸಿಂಡ್ರೋಮ್, ಅಂದರೆ ವಿಶ್ರಾಂತಿ ತೆಗೆದುಕೊಂಡರೂ ಹೋಗದ ಸುಸ್ತಿನ ಕಾಯಿಲೆ, ಶುರುವಾಗಿ ಇದು ಏಳನೇ ವರ್ಷ. ಹೋದ ವರ್ಷ ಒಂದು ಕ್ಲಿನಿಕ್‌ನಲ್ಲಿ ಸುಸ್ತಿನ ಪ್ರಶ್ನಾವಳಿ ಕೊಟ್ಟರು. ಚಾಲ್ಡರ್ ಫಟೀಗ್ ಸ್ಕೇಲ್ ಅಂತ ಹೆಸರು. 11 ಪ್ರಶ್ನೆ. ಸುಸ್ತಾಗುತ್ತದೆಯೇ, ಜಾಸ್ತಿ ವಿಶ್ರಾಂತಿ ಬೇಕೇ, ಕೈಕಾಲಲ್ಲಿ ಶಕ್ತಿ ಕಡಿಮೆಯೇ, ಮಾತಾಡುವಾಗ ಪದ ಸಿಗುವುದಿಲ್ಲವೇ, ನೆನಪು ಹೇಗಿದೆ, ಹೀಗೆ. ಒಂದೊಂದಕ್ಕೂ ನಾಲ್ಕು ಉತ್ತರ. ಎಂದಿಗಿಂತ ಕಡಿಮೆ, ಎಂದಿನಷ್ಟೇ, ಎಂದಿಗಿಂತ ಜಾಸ್ತಿ, ಎಂದಿಗಿಂತ ತುಂಬಾ ಜಾಸ್ತಿ. ನಾನು ಹನ್ನೊಂದಕ್ಕೂ ಕೊನೆಯ ಉತ್ತರಕ್ಕೇ ಗುರುತು ಹಾಕಿದೆ. ಒಂದೊಂದಕ್ಕೆ ಹೆಚ್ಚೆಂದರೆ 3 ಅಂಕ, ಹಾಗಾಗಿ 33ಕ್ಕೆ 33 ಬಂತು.

ಆಗ ನಾನು ಮನೆಯೊಳಗೆ ಓಡಾಡುತ್ತಿದ್ದೆ. ಬೆಳಿಗ್ಗೆ ಕಾಫಿ ನಾನೇ ಬೆರೆಸಿಕೊಳ್ಳುತ್ತಿದ್ದೆ. ಸಂಜೆ ಗೇಟಿನ ತನಕ ಹೋಗಿ ಬರುತ್ತಿದ್ದೆ. ಈಗ ಸ್ನಾನಕ್ಕೆ ಅಮ್ಮ ಬೇಕು. ದಿನಕ್ಕೆ ಇಪ್ಪತ್ತೊಂದು ಇಪ್ಪತ್ತೆರಡು ಗಂಟೆ ಹಾಸಿಗೆಯಲ್ಲೇ. ತಲೆಗೆ ನೀರು ಹಾಕಿಕೊಂಡರೆ ಮುಂದಿನ ಎರಡು ದಿನ ಎದ್ದು ಕೂರಲು ಆಗುವುದಿಲ್ಲ.

ಹೋದ ತಿಂಗಳು ಮತ್ತೆ ಅದೇ ಫಾರಂ ಕೊಟ್ಟರು. ಮತ್ತೆ 33. ಫೈಲಿನಲ್ಲಿ "ಬದಲಾವಣೆ ಇಲ್ಲ" ಅಂತ ಬರೆದರು. ಡಾಕ್ಟರು ಕೆಟ್ಟವರಲ್ಲ, ಪ್ರೀತಿಯಿಂದಲೇ "ಸ್ಟೇಬಲ್ ಆಗಿದೀರಿ" ಅಂದರು. ಮನೆಗೆ ಬಂದು ತುಂಬಾ ಅತ್ತೆ. ಇಷ್ಟೊಂದು ಕೆಳಗೆ ಇಳಿದಿದ್ದೇನೆ, ಕಾಗದದ ಮೇಲೆ ಏನೂ ಆಗಿಯೇ ಇಲ್ಲ. ನಾನೇ ತಪ್ಪಾಗಿ ತುಂಬಿದೆನಾ? ಹೋದ ವರ್ಷ ಕಡಿಮೆ ಹಾಕಬೇಕಿತ್ತಾ?

ಲೆಕ್ಕದ_ಮೇಷ್ಟ್ರು

ಅಮ್ಮಾ, ನೀವು ತಪ್ಪು ತುಂಬಿಲ್ಲ. ನಾನು ಮೂವತ್ತು ವರ್ಷ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡಿದವನು. ಇದಕ್ಕೆ ಸೀಲಿಂಗ್ ಎಫೆಕ್ಟ್, ಅಂದರೆ ಚಾವಣಿಗೆ ತಾಗಿ ನಿಲ್ಲುವುದು, ಅಂತ ಹೆಸರಿದೆ.

ಒಂದು ಸೇರಿನ ಪಾತ್ರೆ ಇದೆ ಅಂದುಕೊಳ್ಳಿ. ಅದರಲ್ಲಿ ಅರ್ಧ ಸೇರು, ಮುಕ್ಕಾಲು ಸೇರು ಅಕ್ಕಿ ಚೆನ್ನಾಗಿ ಅಳೆಯಬಹುದು. ಎರಡು ಸೇರು ಅಕ್ಕಿ ಸುರಿದರೆ? ಒಂದು ಸೇರು ಒಳಗೆ ನಿಲ್ಲುತ್ತದೆ, ಉಳಿದದ್ದು ಕೆಳಗೆ ಚೆಲ್ಲುತ್ತದೆ. ಐದು ಸೇರು ಸುರಿದರೂ ಅಷ್ಟೇ. ಪಾತ್ರೆಯನ್ನು ಮಾತ್ರ ನೋಡಿದವರಿಗೆ ಮೂರು ಸಲವೂ "ಒಂದು ಸೇರು" ಅಂತಲೇ ಕಾಣುತ್ತದೆ.

ನಿಮ್ಮ ಪಾತ್ರೆ ಹೋದ ವರ್ಷವೇ ತುಂಬಿತ್ತು. ಈ ವರ್ಷ ಬಂದದ್ದೆಲ್ಲ ನೆಲಕ್ಕೆ ಚೆಲ್ಲಿದೆ. 33 ಅಂದರೆ "33ರಷ್ಟು ಸುಸ್ತು" ಅಂತ ಅರ್ಥವಲ್ಲ. "33 ಅಥವಾ ಅದಕ್ಕಿಂತ ಎಷ್ಟೋ ಜಾಸ್ತಿ" ಅಂತ ಅರ್ಥ. ಎರಡು ಸಲ 33 ಬಂದರೆ ಬದಲಾವಣೆ ಇಲ್ಲ ಅಂತ ಬರೆಯುವ ಹಾಗಿಲ್ಲ. ಈ ಫಾರಂನಿಂದ ಗೊತ್ತಾಗುವುದಿಲ್ಲ ಅಂತ ಮಾತ್ರ ಬರೆಯಬಹುದು.

ತೋಟದಮನೆ_ಬಾಳೆಹೊನ್ನೂರು

ಮೇಷ್ಟ್ರೇ, ನಮ್ಮಲ್ಲಿ ಇದು ಮಳೆಗಾಲದಲ್ಲಿ ಕಣ್ಣಿಗೇ ಕಾಣುತ್ತದೆ. ಕಾಫಿ ತೋಟದ ಮನೆಗಳಲ್ಲಿ ದಿನಾ ಬೆಳಿಗ್ಗೆ ಮಳೆ ಅಳೆದು ಪುಸ್ತಕದಲ್ಲಿ ಬರೆಯುತ್ತೇವಲ್ವಾ. ಅಜ್ಜನ ಕಾಲದ ಸಣ್ಣ ಅಳತೆ ಡಬ್ಬ ಒಂದಿತ್ತು. ಆಷಾಢದ ಜೋರು ಮಳೆಗೆ ರಾತ್ರಿಯೇ ತುಂಬಿ ಚೆಲ್ಲುತ್ತಿತ್ತು. ಅಂಥ ದಿನ ಅಜ್ಜ ಅಂಕಿ ಬರೆದು ಪಕ್ಕದಲ್ಲಿ "ತುಂಬಿ ಚೆಲ್ಲಿದೆ" ಅಂತ ಬರೆಯುತ್ತಿದ್ದರು. ಆ ಎರಡು ಪದ ಇಲ್ಲದಿದ್ದರೆ ಪುಸ್ತಕದಲ್ಲಿ ದೊಡ್ಡ ಮಳೆಯ ದಿನಗಳೆಲ್ಲ ಒಂದೇ ಥರ ಕಾಣುತ್ತಿದ್ದವು.

ಅಕ್ಕಾ, ನಿಮ್ಮ ಫೈಲಿನಲ್ಲೂ ಆ ಎರಡು ಪದ ಬರಬೇಕಿತ್ತು.

ಫಿಸಿಯೋ_ಹಾಸನ

ನಾನು ಹದಿನಾಲ್ಕು ವರ್ಷದಿಂದ ಫಿಸಿಯೋಥೆರಪಿಸ್ಟ್. ಇನ್ನೊಂದು ಕಡೆಯ ಮಾತನ್ನೂ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಆ ಸ್ಕೇಲ್ ಬಂದದ್ದು 1993ರಲ್ಲಿ. ಇಂಗ್ಲೆಂಡಿನಲ್ಲಿ ಜಿಪಿ, ಅಂದರೆ ಊರಿನ ಸಾಮಾನ್ಯ ಡಾಕ್ಟರ ಹತ್ತಿರ ಬರುವ ಜನರ ಮೇಲೆ ಪರೀಕ್ಷೆ ಮಾಡಿ ರೂಪಿಸಿದ್ದು. ಮೊದಲು 14 ಪ್ರಶ್ನೆ ಇತ್ತು, ಆಮೇಲೆ 11 ಆಯಿತು. ಅಲ್ಲಿ ಬರುವ ಹೆಚ್ಚಿನ ಜನರಿಗೆ ಸುಸ್ತು ಸ್ವಲ್ಪ ಇರುತ್ತದೆ, ಅಥವಾ ಇರುವುದೇ ಇಲ್ಲ. ಯಾರಿಗೆ ಸುಸ್ತು ತೊಂದರೆ ಕೊಡುತ್ತಿದೆ ಅಂತ ಹೆಕ್ಕಿ ತೆಗೆಯೋಕೆ ಅದು ಒಳ್ಳೆಯ ಸಾಧನ. ಐದು ನಿಮಿಷದಲ್ಲಿ ಮುಗಿಯುತ್ತದೆ. ನಮ್ಮ ಒಪಿಡಿಯಲ್ಲಿ ಒಬ್ಬರಿಗೆ ಸಿಗುವ ಸಮಯ ಎಷ್ಟು ಅಂತ ನಿಮಗೆಲ್ಲ ಗೊತ್ತು. ಚಿಕ್ಕ ಫಾರಂ ಇಲ್ಲದಿದ್ದರೆ ಏನನ್ನೂ ಅಳೆಯುವುದೇ ಇಲ್ಲ. ಏನೂ ಇಲ್ಲದ್ದಕ್ಕಿಂತ ಇದು ವಾಸಿ ಅಲ್ವಾ?

ಲೆಕ್ಕದ_ಮೇಷ್ಟ್ರು

ನಿಮ್ಮ ಮಾತಿನ ಮೊದಲ ಭಾಗ ಪೂರ್ತಿ ಒಪ್ಪುತ್ತೇನೆ. ಜರಡಿ ಹಿಡಿಯೋಕೆ ಮಾಡಿದ್ದು ಅದು. ಆದರೆ ಜರಡಿಯೇ ತಕ್ಕಡಿ ಆಗುವುದಿಲ್ಲ. ಕಾಯಿಲೆ ಇದೆಯಾ ಅಂತ ಕೇಳುವ ಪ್ರಶ್ನೆಗೆ ಮಿತಿ ಕೆಳಗೇ ಇದ್ದರೂ ನಡೆಯುತ್ತದೆ. ಕಾಯಿಲೆ ಇರುವವರು ಮೇಲೆ ಹೋದರಾ ಕೆಳಗೆ ಬಂದರಾ ಅಂತ ಕೇಳಬೇಕಾದರೆ ಎರಡೂ ಕಡೆ ಜಾಗ ಬೇಕು.

ಇನ್ನೊಂದು ವಿಷಯ. ಇದೇ ಫಾರಂಗೆ ಅಂಕ ಹಾಕುವ ಎರಡು ಪದ್ಧತಿ ಇದೆ. ಲೈಕರ್ಟ್ ಪದ್ಧತಿಯಲ್ಲಿ ನಾಲ್ಕು ಉತ್ತರಕ್ಕೆ 0, 1, 2, 3. ಒಟ್ಟು 33. ಬೈಮೋಡಲ್ ಪದ್ಧತಿಯಲ್ಲಿ 0, 0, 1, 1. ಒಟ್ಟು 11. ಎರಡನೆಯದರಲ್ಲಿ "ಜಾಸ್ತಿ" ಅಂದರೂ 1, "ತುಂಬಾ ಜಾಸ್ತಿ" ಅಂದರೂ 1. ಅಲ್ಲಿ ಚಾವಣಿ ಇನ್ನೂ ತಗ್ಗು. ಹನ್ನೊಂದು ಪ್ರಶ್ನೆಗೂ "ಜಾಸ್ತಿ" ಅಂದವರು ಆಗಲೇ 11ಕ್ಕೆ 11. ಅಲ್ಲಿಂದ ಹಾಸಿಗೆ ಹಿಡಿದರೂ 11.

ಹೆಂಡತಿಗಾಗಿ_ಓದುವವನು

ಸರ್, ಹಾಗಾದರೆ ಸುಧಾರಣೆಯೂ ಕಾಣುವುದಿಲ್ಲ ಅಲ್ವಾ? ನನ್ನ ಹೆಂಡತಿ ಹೋದ ಚಳಿಗಾಲದಲ್ಲಿ ಸ್ವಲ್ಪ ಚೇತರಿಸಿಕೊಂಡಳು. ಊಟಕ್ಕೆ ಮೇಜಿನ ಹತ್ತಿರ ಬರುವಷ್ಟಾದಳು. ನಮಗೆ ಅದೇ ಹಬ್ಬ. ಆದರೆ ಸ್ಕೋರ್ 11ರಿಂದ ಕದಲಲಿಲ್ಲ.

ಲೆಕ್ಕದ_ಮೇಷ್ಟ್ರು

ಹೌದು. ಎಲ್ಲ ಉತ್ತರವೂ "ತುಂಬಾ ಜಾಸ್ತಿ"ಯಿಂದ "ಜಾಸ್ತಿ"ಗೆ ಇಳಿದರೆ ಲೈಕರ್ಟ್‌ನಲ್ಲಿ 33 ಹೋಗಿ 22 ಆಗುತ್ತದೆ. ಬೈಮೋಡಲ್‌ನಲ್ಲಿ 11 ಹನ್ನೊಂದಾಗಿಯೇ ಉಳಿಯುತ್ತದೆ. ನಿಮ್ಮ ಮನೆಯವರು ಮೇಜಿನ ತನಕ ಬಂದದ್ದು ನಿಜವಾದ ಬದಲಾವಣೆ. ಅಂಕಿಗೆ ಅದು ಕಾಣಲಿಲ್ಲ, ಅಷ್ಟೇ.

ಶೆಫೀಲ್ಡ್_ನರ್ಸ್

ಮೂಲ ಶಿವಮೊಗ್ಗ, ಈಗ ಇಂಗ್ಲೆಂಡಿನಲ್ಲಿ ನರ್ಸ್ ಕೆಲಸ. ಈ ಸ್ಕೇಲ್‌ನ ದೊಡ್ಡ ಜಗಳ ಇಲ್ಲೇ ನಡೆದದ್ದು. ಗೊತ್ತಿರುವಷ್ಟು ಹೇಳುತ್ತೇನೆ.

2011ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಪೇಸ್ ಅನ್ನುವ ಟ್ರಯಲ್ ಪ್ರಕಟವಾಯಿತು. ಬ್ರಿಟನ್ನಿನ ಆರು ಕ್ಲಿನಿಕ್, 641 ರೋಗಿಗಳು, ನಾಲ್ಕು ಗುಂಪು. ಒಂದಕ್ಕೆ ಬರೀ ಸ್ಪೆಷಲಿಸ್ಟ್ ಡಾಕ್ಟರ ಚಿಕಿತ್ಸೆ. ಉಳಿದ ಮೂರಕ್ಕೆ ಅದರ ಜೊತೆಗೆ ಒಂದೊಂದು ಥೆರಪಿ. ಒಂದು ಗುಂಪಿಗೆ ಸಿಬಿಟಿ, ಅಂದರೆ ಮಾತಿನ ಥೆರಪಿ. ಒಂದಕ್ಕೆ ವ್ಯಾಯಾಮವನ್ನು ಹಂತ ಹಂತವಾಗಿ ಏರಿಸುವ ಗ್ರೇಡೆಡ್ ಎಕ್ಸರ್ಸೈಜ್. ಮತ್ತೊಂದಕ್ಕೆ ಶಕ್ತಿ ನೋಡಿಕೊಂಡು ಹೆಜ್ಜೆ ಇಡುವ ಪೇಸಿಂಗ್. ಸುಸ್ತು ಅಳೆದದ್ದು ಇದೇ 11 ಪ್ರಶ್ನೆಯ ಫಾರಂನಿಂದ. ಮೊದಲು ಬೈಮೋಡಲ್ ಅಂತ ಬರೆದಿಟ್ಟಿದ್ದರು. ಪ್ರಕಟವಾಗುವಾಗ ಮುಖ್ಯ ಫಲಿತಾಂಶ ಲೈಕರ್ಟ್‌ನಲ್ಲಿ ಬಂತು.

ಶುರುವಿನಲ್ಲಿ ಎಲ್ಲ ಗುಂಪಿನ ಸರಾಸರಿ 33ಕ್ಕೆ ಸುಮಾರು 28. ಒಂದು ವರ್ಷದ ಮೇಲೆ ಬರೀ ಡಾಕ್ಟರ ಚಿಕಿತ್ಸೆ ಪಡೆದವರದ್ದು 24ರ ಹತ್ತಿರ, ಸಿಬಿಟಿ ಮತ್ತು ವ್ಯಾಯಾಮದವರದ್ದು 20ರ ಆಸುಪಾಸು. ವ್ಯತ್ಯಾಸ ಮೂರು ಚಿಲ್ಲರೆ ಅಂಕ. ಎರಡು ಥೆರಪಿಯೂ ಸಾಧಾರಣ ಮಟ್ಟಿಗೆ ಕೆಲಸ ಮಾಡುತ್ತವೆ ಅಂತ ಹೇಳಿದರು.

ಆದರೆ ಆರು ನಿಮಿಷದ ನಡಿಗೆ ಪರೀಕ್ಷೆಯೂ ಇತ್ತು. ವರ್ಷ ಮುಗಿದಾಗ ವ್ಯಾಯಾಮದ ಗುಂಪು ಸರಾಸರಿ 379 ಮೀಟರ್ ನಡೆಯಿತು, ಬರೀ ಡಾಕ್ಟರ ಚಿಕಿತ್ಸೆಯ ಗುಂಪು 348. ಫಾರಂ ಮೇಲೆ ಕಂಡ ಸುಧಾರಣೆ ಕಾಲಿನಲ್ಲಿ ಅಷ್ಟು ಕಾಣಲಿಲ್ಲ. ಸಿಬಿಟಿ ಗುಂಪಿನ ನಡಿಗೆಯಂತೂ ಡಾಕ್ಟರ ಚಿಕಿತ್ಸೆಯ ಗುಂಪಿಗಿಂತ ಮೇಲಾಗಲಿಲ್ಲ.

ಲೆಕ್ಕದ_ಮೇಷ್ಟ್ರು

ಆ 28 ಅನ್ನುವ ಅಂಕಿಯ ಮೇಲೆ ಸ್ವಲ್ಪ ನಿಲ್ಲೋಣ. ಸರಾಸರಿ ರೋಗಿಗೆ ಕೆಳಗೆ ಇಳಿಯಲು, ಅಂದರೆ ಗುಣವಾಗಲು, 28 ಮೆಟ್ಟಿಲು ಇದೆ. ಮೇಲೆ ಹೋಗಲು, ಅಂದರೆ ಹದಗೆಡಲು, ಬರೀ 5 ಮೆಟ್ಟಿಲು. 33ರಲ್ಲೇ ಇದ್ದವರಿಗೆ ಒಂದೂ ಇಲ್ಲ.

ಇಬ್ಬರನ್ನು ತೆಗೆದುಕೊಳ್ಳಿ. ಒಬ್ಬರು 33ರಿಂದ 27ಕ್ಕೆ ಇಳಿದರು. ಇನ್ನೊಬ್ಬರು 33ರಲ್ಲಿದ್ದು ನಿಜ ಜೀವನದಲ್ಲಿ ಅಷ್ಟೇ ಹದಗೆಟ್ಟರು, ಆದರೆ 33ರಲ್ಲೇ ನಿಂತರು. ಸರಾಸರಿ 33ರಿಂದ 30ಕ್ಕೆ ಬಂತು. ಗುಂಪು ಸುಧಾರಿಸಿದೆ ಅಂತ ಕಾಣುತ್ತದೆ. ಮೇಲೆ ಜಾಗ ಇದ್ದಿದ್ದರೆ ಸರಾಸರಿ 33ರಲ್ಲೇ ಇರುತ್ತಿತ್ತು. ಪೇಸ್‌ನಲ್ಲಿ ಹೀಗೇ ಆಯಿತು ಅಂತ ನಾನು ಹೇಳುತ್ತಿಲ್ಲ. ಹೀಗಾಗಿದ್ದರೆ ಈ ಫಾರಂಗೆ ಅದು ತಿಳಿಯುತ್ತಿರಲಿಲ್ಲ ಅಂತ ಹೇಳುತ್ತಿದ್ದೇನೆ. ಹಾನಿ ಮಾಡಬಹುದಾದ ಚಿಕಿತ್ಸೆಯನ್ನು ಪರೀಕ್ಷಿಸುವಾಗ ಇದು ಸಣ್ಣ ವಿಷಯ ಅಲ್ಲ.

ಫಿಸಿಯೋ_ಹಾಸನ

ಮೇಷ್ಟ್ರೇ, ಚಾವಣಿ ಎಲ್ಲ ಗುಂಪಿಗೂ ಒಂದೇ ಅಲ್ವಾ? ಒಂದು ಗುಂಪಿಗೆ ಮಾತ್ರ ಲಾಭ ಹೇಗೆ? ಮತ್ತೆ ಆ ಟ್ರಯಲ್‌ನಲ್ಲಿ ಹಾನಿಯನ್ನು ಬೇರೆಯಾಗಿಯೂ ದಾಖಲು ಮಾಡಿದ್ದರು. ಗಂಭೀರ ತೊಂದರೆಗಳ ಪಟ್ಟಿ ಇತ್ತು. ಗುಂಪುಗಳ ನಡುವೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ ಅಂತ ಅವರು ಬರೆದಿದ್ದಾರೆ.

ಲೆಕ್ಕದ_ಮೇಷ್ಟ್ರು

ಒಳ್ಳೆಯ ಪ್ರಶ್ನೆ. ಬೇರೆ ದಾಖಲೆ ಇತ್ತು ಅನ್ನುವುದೂ ನಿಜ, ಅದನ್ನು ಹೇಳಿದ್ದು ಒಳ್ಳೆಯದಾಯಿತು.

ಚಾವಣಿ ಎಲ್ಲರಿಗೂ ಒಂದೇ. ಆದರೆ ಅದಕ್ಕೆ ತಲೆ ತಾಗುವವರ ಸಂಖ್ಯೆ ಒಂದೇ ಇರಬೇಕಿಲ್ಲ. ಯಾವ ಚಿಕಿತ್ಸೆಯಿಂದ ಜಾಸ್ತಿ ಜನ ಹದಗೆಡುತ್ತಾರೋ ಆ ಚಿಕಿತ್ಸೆಯ ಕಥೆಯೇ ಜಾಸ್ತಿ ಮುಚ್ಚಿಹೋಗುತ್ತದೆ. ಹದಗೆಡದ ಗುಂಪಿನಲ್ಲಿ ಮುಚ್ಚಲು ಏನೂ ಇರುವುದಿಲ್ಲ.

ಶೆಫೀಲ್ಡ್_ನರ್ಸ್

ನಾನು ಇಲ್ಲಿ ನೋಡಿದ ರೋಗಿಗಳು ಎಲ್ಲಕ್ಕಿಂತ ನೊಂದುಕೊಂಡು ಹೇಳುತ್ತಿದ್ದ ವಿಷಯ ಇನ್ನೊಂದು. ಟ್ರಯಲ್‌ಗೆ ಸೇರಲು ಬೈಮೋಡಲ್ ಸ್ಕೋರ್ 6 ಅಥವಾ ಜಾಸ್ತಿ ಇರಬೇಕಿತ್ತು. ಫಲಿತಾಂಶ ಹೇಳುವಾಗ ಲೈಕರ್ಟ್ 18 ಅಥವಾ ಕಡಿಮೆ ಇದ್ದರೆ "ನಾರ್ಮಲ್ ರೇಂಜ್" ಅಂದರು. ಮೇಷ್ಟ್ರೇ, ಇದರ ಲೆಕ್ಕ ನೀವೇ ಮಾಡಿ.

ಲೆಕ್ಕದ_ಮೇಷ್ಟ್ರು

ಕಾಗದದಲ್ಲಿ ಬರೆದು ನೋಡಿದೆ. ಆರು ಪ್ರಶ್ನೆಗೆ "ಜಾಸ್ತಿ", ಐದಕ್ಕೆ "ಎಂದಿನಷ್ಟೇ" ಅಂದರೆ ಬೈಮೋಡಲ್ 6. ಸೇರಿಸಿಕೊಳ್ಳುವಷ್ಟು ಕಾಯಿಲೆ ಇದೆ. ಅದೇ ಉತ್ತರಗಳಿಗೆ ಲೈಕರ್ಟ್ ಹನ್ನೆರಡು ಪ್ಲಸ್ ಐದು, ಅಂದರೆ 17. ನಾರ್ಮಲ್ ರೇಂಜ್! ಒಂದೇ ದಿನ, ಒಂದೇ ಫಾರಂ, ಒಂದೇ ಮನುಷ್ಯ. ಎರಡು ಸಲ ಲೆಕ್ಕ ಮಾಡಿದೆ, ತಪ್ಪಿಲ್ಲ.

ಶೆಫೀಲ್ಡ್_ನರ್ಸ್

ದೇಹದ ಸಾಮರ್ಥ್ಯ ಅಳೆಯುವ ಇನ್ನೊಂದು ಫಾರಂನಲ್ಲೂ ಹಾಗೇ. ಎಸ್‌ಎಫ್-36ರಲ್ಲಿ 0ಯಿಂದ 100, ಜಾಸ್ತಿ ಇದ್ದಷ್ಟೂ ಒಳ್ಳೆಯದು. ಸೇರಲು 65 ಅಥವಾ ಕಡಿಮೆ ಇರಬೇಕು, ನಾರ್ಮಲ್ ಅನ್ನಿಸಿಕೊಳ್ಳಲು 60 ಅಥವಾ ಜಾಸ್ತಿ ಇದ್ದರೆ ಸಾಕು. 65ರಲ್ಲಿ ಒಳಗೆ ಬಂದು ವರ್ಷದಲ್ಲಿ 60ಕ್ಕೆ ಇಳಿದವರೂ ನಾರ್ಮಲ್. 60 ಹೇಗೆ ಬಂತು ಅಂದರೆ, ಇಂಗ್ಲೆಂಡಿನ ಸಾಮಾನ್ಯ ಜನರ ಸರಾಸರಿ 84ರಿಂದ ಒಂದು ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಅಂಕಿಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಅನ್ನುವ ಅಳತೆ, 24 ಕಳೆದರು.

ಲೆಕ್ಕದ_ಮೇಷ್ಟ್ರು

ಇಲ್ಲೂ ಒಂದು ಚಾವಣಿ ಇದೆ ನೋಡಿ! ಆರೋಗ್ಯವಂತರಲ್ಲಿ ಬಹಳ ಜನ ಈ ಅಳತೆಯಲ್ಲಿ 95, 100ರ ಹತ್ತಿರವೇ ಗುಂಪುಗಟ್ಟಿರುತ್ತಾರೆ. ಸರಾಸರಿಯನ್ನು 84ಕ್ಕೆ ಎಳೆಯುವವರು ವಯಸ್ಸಾದವರು, ಬೇರೆ ಕಾಯಿಲೆ ಇರುವವರು. ಇಂಥ ಒಂದು ಕಡೆ ವಾಲಿದ ರಾಶಿಯಲ್ಲಿ ಸರಾಸರಿಯಿಂದ ಡೀವಿಯೇಷನ್ ಕಳೆದರೆ ಸಿಗುವ ಅಂಕಿಗೆ ನಾರ್ಮಲ್ ಅನ್ನುವ ಅರ್ಥ ಬರುವುದಿಲ್ಲ. ಇದನ್ನು ನಾನು ಎರಡನೇ ಬಿಎಸ್ಸಿ ಮಕ್ಕಳಿಗೆ ಹೇಳಿಕೊಡುತ್ತಿದ್ದೆ.

ಹೆಂಡತಿಗಾಗಿ_ಓದುವವನು

ಆಮೇಲೆ ಏನಾಯಿತು ಮೇಡಂ?

ಶೆಫೀಲ್ಡ್_ನರ್ಸ್

2013ರಲ್ಲಿ ಅದೇ ತಂಡ ಸಿಬಿಟಿ ಮತ್ತು ವ್ಯಾಯಾಮದ ಗುಂಪುಗಳಲ್ಲಿ ಶೇಕಡಾ 22ರಷ್ಟು ಜನ ಚೇತರಿಸಿಕೊಂಡರು ಅಂತ ಬರೆಯಿತು. ಆಸ್ಟ್ರೇಲಿಯಾದ ಒಬ್ಬ ರೋಗಿ ಟ್ರಯಲ್‌ನ ಅಂಕಿಅಂಶ ಕೊಡಿ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿದರು. ಕಾಯಿಲೆಯಲ್ಲಿದ್ದುಕೊಂಡೇ ಟ್ರಿಬ್ಯೂನಲ್ ತನಕ ಹೋದರು. 2016ರಲ್ಲಿ ಅಂಕಿಅಂಶ ಹೊರಗೆ ಬಂತು. ಮೊದಲು ಬರೆದಿಟ್ಟಿದ್ದ ಅಳತೆಯಲ್ಲೇ ಲೆಕ್ಕ ಮಾಡಿದಾಗ ಚೇತರಿಕೆ ಎಲ್ಲ ಗುಂಪಿನಲ್ಲೂ ಒಂದಂಕಿಯ ಶೇಕಡಾಕ್ಕೆ ಇಳಿಯಿತು. 2021ರ ಅಕ್ಟೋಬರಿನಲ್ಲಿ ಇಲ್ಲಿನ ನೈಸ್ ಸಂಸ್ಥೆ ಹೊಸ ಮಾರ್ಗಸೂಚಿ ತಂದಿತು. 2007ರಲ್ಲಿ ಹೇಳಿದ್ದ ಹಂತ ಹಂತದ ವ್ಯಾಯಾಮವನ್ನು ಕೊಡಬೇಡಿ ಅಂದಿತು. ಅದಕ್ಕಿದ್ದ ಸಾಕ್ಷ್ಯದ ಗುಣಮಟ್ಟ ಕಡಿಮೆ ಅಥವಾ ತೀರಾ ಕಡಿಮೆ ಅಂತ ಹೇಳಿತು. ಸಿಬಿಟಿಯನ್ನು ಕಾಯಿಲೆ ವಾಸಿ ಮಾಡುವ ಚಿಕಿತ್ಸೆ ಅಂತ ಕೊಡಬಾರದು ಅಂದಿತು.

ಫಿಸಿಯೋ_ಹಾಸನ

2021ರ ಬದಲಾವಣೆ ಓದಿದ್ದೆ. ಒಂದು ಮಾತು ಮನಸ್ಸು ಬಿಚ್ಚಿ ಹೇಳುತ್ತೇನೆ. ಅದಕ್ಕೂ ಮೊದಲು ನಾನೂ ಇಬ್ಬರಿಗೆ ವ್ಯಾಯಾಮ ಏರಿಸುತ್ತಾ ಹೋಗಿದ್ದೆ. ಒಬ್ಬರು ಬರುವುದನ್ನೇ ನಿಲ್ಲಿಸಿದರು. ಅವರ ಕೊನೆಯ ಸ್ಕೋರ್ ಶುರುವಿನಷ್ಟೇ ಇತ್ತು, ಹಾಗಾಗಿ ನಾನು ಚಿಂತೆ ಮಾಡಲಿಲ್ಲ. ಇವತ್ತು ಈ ಚರ್ಚೆ ಓದಿ ಅವರ ನೆನಪು ಬಿಡುತ್ತಿಲ್ಲ.

ಭಾಷೆ_ಮನಸು

ನಾನು ಸೈಕಾಲಜಿ ಎಂಎಸ್ಸಿ ವಿದ್ಯಾರ್ಥಿನಿ. ಇಂಥ ಫಾರಂಗಳನ್ನು ಕನ್ನಡಕ್ಕೆ ತರುವ ಅಭ್ಯಾಸ ಮಾಡುವಾಗ ಎರಡು ಕಡೆ ಸಿಕ್ಕಿಬಿದ್ದೆ.

ಒಂದು, "ಎಂದಿನಷ್ಟೇ". ಏಳು ವರ್ಷದಿಂದ ಕಾಯಿಲೆ ಇರುವವರಿಗೆ ಎಂದಿನದು ಯಾವುದು? ಮೂಲ ಫಾರಂನಲ್ಲಿ ಬಹಳ ಕಾಲದಿಂದ ಸುಸ್ತಿದ್ದರೆ ಕೊನೆಯ ಸಲ ಚೆನ್ನಾಗಿದ್ದಾಗಿನ ಸ್ಥಿತಿಗೆ ಹೋಲಿಸಿ ಅನ್ನುವ ಸೂಚನೆ ಇದೆ. ಆ ಸಾಲು ಓದದೆ ಹೋದವರು ಹೋದ ತಿಂಗಳಿಗೆ ಹೋಲಿಸಿ "ಎಂದಿನಷ್ಟೇ" ಅಂತಾರೆ. ಅಂಕ ಧಡಕ್ಕನೆ ಕೆಳಗಿಳಿಯುತ್ತದೆ. ಕಾಯಿಲೆ ಇಳಿದಿರುವುದಿಲ್ಲ. ಓದಿ ತುಂಬಿದವರು ನೇರ ಚಾವಣಿಗೆ ಹೋಗುತ್ತಾರೆ. ಯಾಕೆಂದರೆ ಓಡಾಡಿಕೊಂಡಿದ್ದ ದಿನಗಳಿಗೆ ಹೋಲಿಸಿದರೆ ಎಲ್ಲವೂ "ತುಂಬಾ ಜಾಸ್ತಿ"ಯೇ.

ಎರಡು, "ಸುಸ್ತು" ಅನ್ನುವ ಪದ. ನಮ್ಮಲ್ಲಿ ಗದ್ದೆ ಕೆಲಸ ಮುಗಿಸಿದರೂ ಸುಸ್ತು, ಮದುವೆ ಮನೆಯಿಂದ ಬಂದರೂ ಸುಸ್ತು. ದಣಿವು ಅಂದರೆ ದುಡಿದದ್ದಕ್ಕೆ ಬಂದದ್ದು, ಮಲಗಿದರೆ ಹೋಗುತ್ತದೆ. ಬಳಲಿಕೆ ಸ್ವಲ್ಪ ಹತ್ತಿರ. ನಿಶ್ಶಕ್ತಿ ಅಂದರೆ ಜನ ಗ್ಲೂಕೋಸ್ ಹಾಕಿಸಿ ಅಂತಾರೆ. ಮಾಡಿದ ಕೆಲಸಕ್ಕೆ ಮರುದಿನ, ಅದರ ಮರುದಿನ ದೇಹ ಪೂರ್ತಿ ಕುಸಿಯುವುದಕ್ಕೆ ಇವು ಯಾವುದೂ ಸಾಲುವುದಿಲ್ಲ.

ಕಿಟಕಿಪಕ್ಕ_ಮೈಸೂರು

ನಮ್ಮ ಅತ್ತೆ "ನಮಗೂ ಸುಸ್ತಾಗುತ್ತೆ ಕಣಮ್ಮ" ಅಂತಾರೆ. ಅವರದ್ದು ತಪ್ಪಲ್ಲ, ಪದವೇ ಹಾಗಿದೆ. ನಾನು ಮನೆಯಲ್ಲಿ "ಮೈ ಕುಸಿಯಿತು" ಅಂತೀನಿ. ಅಮ್ಮನಿಗೆ ತಕ್ಷಣ ಅರ್ಥ ಆಗುತ್ತದೆ.

ಎಲ್ಲರೂ ಬರೆದದ್ದನ್ನು ಎರಡು ದಿನ ತೆಗೆದುಕೊಂಡು ಓದಿದೆ. ನಾನು ತಪ್ಪು ತುಂಬಿಲ್ಲ ಅಂತ ಗೊತ್ತಾಗಿ ಎದೆ ಹಗುರಾಯಿತು. ಮುಂದಿನ ವಾರ ಮತ್ತೆ ಡಾಕ್ಟರ ಹತ್ತಿರ ಹೋಗಬೇಕು. ಯಾವ ಫಾರಂ ಕೇಳಲಿ?

ಲೆಕ್ಕದ_ಮೇಷ್ಟ್ರು

ಇನ್ನೊಂದು ಪ್ರಸಿದ್ಧ ಸುಸ್ತಿನ ಫಾರಂ ಇದೆ, ಫಟೀಗ್ ಸಿವಿಯಾರಿಟಿ ಸ್ಕೇಲ್. 1989ರದ್ದು. 9 ವಾಕ್ಯ, ಒಂದೊಂದಕ್ಕೆ 1ರಿಂದ 7. ಮಲ್ಟಿಪಲ್ ಸ್ಕ್ಲೆರೋಸಿಸ್ ಮತ್ತು ಲೂಪಸ್ ರೋಗಿಗಳಿಗಾಗಿ ಮಾಡಿದ್ದು. ಮೆಟ್ಟಿಲು ಜಾಸ್ತಿ ಇದ್ದರೂ ನಿಮ್ಮಂಥವರು ಅಲ್ಲೂ ಬೇಗ 7ಕ್ಕೆ ಮುಟ್ಟುತ್ತಾರೆ. ಮೆಟ್ಟಿಲು ಹೆಚ್ಚಿಸಿದರೆ ಸಾಲದು, ಕೇಳುವ ಪ್ರಶ್ನೆಯೇ ಬದಲಾಗಬೇಕು.

ಶೆಫೀಲ್ಡ್_ನರ್ಸ್

ನನಗೆ ಹಿಡಿಸಿದ್ದು ಎರಡು. ಷಿಕಾಗೋದ ಡೀಪಾಲ್ ವಿಶ್ವವಿದ್ಯಾಲಯದಲ್ಲಿ ಲಿಯೊನಾರ್ಡ್ ಜೇಸನ್ ಅವರ ತಂಡ ಮಾಡಿದ ಪ್ರಶ್ನಾವಳಿ ಒಂದು. ಅದು ಒಂದೊಂದು ಲಕ್ಷಣ ಎಷ್ಟು ಸಲ ಬರುತ್ತದೆ, ಬಂದಾಗ ಎಷ್ಟು ಜೋರು ಅಂತ ಬೇರೆ ಬೇರೆಯಾಗಿ ಕೇಳುತ್ತದೆ. ಹಿಂದಿನ ಆರೋಗ್ಯದ ದಿನಗಳಿಗೆ ಹೋಲಿಸಿ ಅನ್ನುವುದಿಲ್ಲ.

ಇನ್ನೊಂದು ಫನ್‌ಕ್ಯಾಪ್. ನಾರ್ವೆಯವರು ರೋಗಿಗಳ ಜೊತೆ ಕೂತು ಮಾಡಿದ್ದು, 2024ರಲ್ಲಿ ಪ್ರಕಟವಾಯಿತು. 55 ಪ್ರಶ್ನೆಯದ್ದು ಒಂದು, 27ರದ್ದು ಒಂದು. ಸುಸ್ತು ಎಷ್ಟಿದೆ ಅಂತ ಅದು ಕೇಳುವುದೇ ಇಲ್ಲ. ಸ್ನಾನ, ಕೂರುವುದು, ನಡೆಯುವುದು, ಮಾತಾಡುವುದು, ಬೆಳಕು, ಸದ್ದು, ಇವನ್ನು ಹಿಡಿದು, ಇದನ್ನು ಮಾಡಿದರೆ ಆಮೇಲೆ ನಿಮಗೆ ಏನಾಗುತ್ತದೆ ಅಂತ ಕೇಳುತ್ತದೆ. ತೀರಾ ಸಣ್ಣ ಕೆಲಸಗಳ ಬಗ್ಗೆಯೂ ಕೇಳುವುದರಿಂದ ತುಂಬಾ ಕೆಳಗಿರುವವರಿಗೂ ಅಲ್ಲಿ ಜಾಗ ಇದೆ.

ಫಿಸಿಯೋ_ಹಾಸನ

ಅಕ್ಕಾ, ಫಾರಂ ಸಿಗದಿದ್ದರೂ ಪರವಾಗಿಲ್ಲ. ಒಂದು ಹಾಳೆ ಸಾಕು. ಎಡಗಡೆ ಹೋದ ವರ್ಷ, ಬಲಗಡೆ ಈಗ. "ತುಂಬಾ", "ಜಾಸ್ತಿ" ಅನ್ನುವ ಪದ ಬೇಡ. ಗಂಟೆ, ಹೆಜ್ಜೆ, ಎಷ್ಟು ಸಲ, ಇವನ್ನೇ ಬರೆಯಿರಿ. ನಮ್ಮಂಥವರು ಒಂದು ನಿಮಿಷದಲ್ಲಿ ಓದಬಹುದು, ಫೈಲಿಗೆ ಪಿನ್ ಮಾಡಬಹುದು. ನೀವೇ ಬರೆಯಬೇಡಿ, ಹೇಳಿ ಬರೆಸಿ.

ಕಿಟಕಿಪಕ್ಕ_ಮೈಸೂರು

ಅಮ್ಮನ ಕೈಯಲ್ಲಿ ಬರೆಸಿದೆ. ಏನಾದರೂ ಬಿಟ್ಟಿದ್ದರೆ ಹೇಳಿ.

ಬೆನ್ನಿಗೆ ಆಸರೆ ಇಲ್ಲದೆ ಕೂರುವುದು: ಆಗ 40 ನಿಮಿಷ, ಈಗ 5.
ಹಾಸಿಗೆಯಿಂದ ಹೊರಗೆ: ಆಗ ದಿನಕ್ಕೆ 7 ಗಂಟೆ, ಈಗ 2ರಿಂದ 3.
ತಲೆಸ್ನಾನ: ಆಗ ವಾರಕ್ಕೆ 2, ನಾನೇ. ಈಗ 15 ದಿನಕ್ಕೆ 1, ಅಮ್ಮ.
ಸ್ನಾನದ ಮೇಲೆ ಮೈ ಕುಸಿಯುವುದು: ಆಗ ಅರ್ಧ ದಿನ, ಈಗ 2 ದಿನ.
ಫೋನಿನಲ್ಲಿ ಮಾತು: ಆಗ 20 ನಿಮಿಷ, ಈಗ 4.
ಗೇಟಿನ ತನಕ: ಆಗ ದಿನಾ, ಈಗ ಯುಗಾದಿಯಿಂದ ಒಂದು ಸಲವೂ ಇಲ್ಲ.
ಪ್ರಶ್ನಾವಳಿ: ಆಗ 33, ಈಗ 33, ತುಂಬಿ ಚೆಲ್ಲಿದೆ.

ತೋಟದಮನೆ_ಬಾಳೆಹೊನ್ನೂರು

ಕಾಫಿಯದ್ದು ಬಿಟ್ಟಿದ್ದೀರಿ ಅಕ್ಕಾ. ಆಗ ನೀವೇ ಬೆರೆಸಿಕೊಳ್ಳುತ್ತಿದ್ದಿರಿ.

ಕಿಟಕಿಪಕ್ಕ_ಮೈಸೂರು

ಹೌದಲ್ವಾ. ಸೇರಿಸಿದೆ.